ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಮತ್ತು ಹಸುಗೂಸಿನ ಕೆಂಪು ಗಡ್ಡೆ

ಎರಡು ತಿಂಗಳ ಮಗುವಿನ ಕೆನ್ನೆಯ ಕೆಂಪು ಗಡ್ಡೆಗೆ ಬಿಪಿ ಮಾತ್ರೆ ಬರೆದುಕೊಟ್ಟರೆ ಚೀಟಿ ತಪ್ಪಿ ಬಂತೇನೋ ಎಂದು ಅನುಮಾನಪಡುವ ಮನೆಗಳು ಕೋಲಾರದ ಕಡೆ ಈಗಲೂ ಇವೆ. ಅದು ಅರಗುವ ಮೊದಲೇ 2025ರಲ್ಲಿ ಇನ್ನೊಂದು ಸುದ್ದಿ ಬಂತು. ಕೊಲೆಸ್ಟ್ರಾಲ್ ಇಳಿಸಲು ನುಂಗುವ ಸ್ಟ್ಯಾಟಿನ್ ಔಷಧಿಯೂ ಇದೇ ಗಡ್ಡೆಯ ರಕ್ತನಾಳಗಳನ್ನು ತಡೆಯಬಲ್ಲದು ಎಂದು ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಸಂಶೋಧಕರು ಪ್ರಕಟಿಸಿದರು. ತಾತನ ಮಾತ್ರೆ ಡಬ್ಬಿಯಲ್ಲಿರುವ ಎರಡೂ ಗುಳಿಗೆಗಳು ಮೊಮ್ಮಗುವಿನ ಮಚ್ಚೆಗೆ ಮದ್ದು ಎಂದರೆ ಯಾರಿಗಾದರೂ ತಲೆ ಕೆಡುತ್ತದೆ. ಅದರ ಮೇಲೆ ಮನೆಯ ಹಿರಿಯರು, ಒಮ್ಮೊಮ್ಮೆ ಊರಿನ ಡಾಕ್ಟರೂ ಹೇಳುವ ಮಾತು ಬೇರೆ: ‘ಏನೂ ಮಾಡಬೇಡಿ, ತಾನಾಗೇ ಹೋಗುತ್ತೆ.’

ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಯಾವ ಮಾತು ಮಗುವಿನ ಎಷ್ಟನೇ ವಾರಕ್ಕೆ ಹೊಂದುತ್ತದೆ ಎಂದು ಯಾರೂ ಬಿಡಿಸಿ ಹೇಳದಿರುವುದೇ ಗೊಂದಲದ ಮೂಲ.

ಹಿಪ್ಪುನೇರಳೆ ಹಣ್ಣಿನ ಹಾಗೆ

ವೈದ್ಯರ ಬಾಯಲ್ಲಿ ಇದರ ಹೆಸರು ಇನ್‌ಫ್ಯಾಂಟೈಲ್ ಹೆಮಾಂಜಿಯೋಮಾ. ಪಠ್ಯಪುಸ್ತಕಗಳು ಇದನ್ನು ಸ್ಟ್ರಾಬೆರಿಗೆ ಹೋಲಿಸುತ್ತವೆ. ರೇಷ್ಮೆ ಸಾಕುವ ನಮ್ಮ ಜಿಲ್ಲೆಯವರಿಗೆ ಅದಕ್ಕಿಂತ ಹತ್ತಿರದ ಹೋಲಿಕೆ ಹೊಲದ ಬದುವಿನಲ್ಲೇ ಇದೆ: ಇನ್ನೂ ಕಪ್ಪಾಗದೆ ಕೆಂಪಗಿರುವ ಹಿಪ್ಪುನೇರಳೆ ಹಣ್ಣು. ಅದೇ ಉಬ್ಬು, ಅದೇ ಗುಳ್ಳೆಗುಳ್ಳೆ ಮೈ. ಚರ್ಮದ ಆಳದಲ್ಲಿ ಬೆಳೆದದ್ದು ಹೀಗೆ ಕಾಣುವುದಿಲ್ಲ. ಮೇಲಿನ ಚರ್ಮ ನೆಟ್ಟಗಿದ್ದು, ಕೆಳಗೆ ನೀಲಿ ಛಾಯೆಯ ಮೆತ್ತನೆಯ ಗಂಟು ಕೈಗೆ ಸಿಗುತ್ತದೆ.

ಹುಟ್ಟಿದ ದಿನ ಹೆಚ್ಚಿನ ಮಕ್ಕಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಇದ್ದರೆ ಒಂದು ಬಿಳಿಚಿದ ಚುಕ್ಕೆ, ನೂಲೆಳೆಯಷ್ಟು ತೆಳುವಾದ ಒಂದೆರಡು ಕೆಂಪು ಗೆರೆ, ಇಲ್ಲವೇ ತರಚಿದಂಥ ಕಲೆ. ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯ ಕಣ್ಣಿಗೆ ಎರಡನೆಯದೋ ಮೂರನೆಯದೋ ವಾರದಲ್ಲಿ ಅದು ಬೀಳುತ್ತದೆ. ಸೊಳ್ಳೆ ಕಚ್ಚಿರಬೇಕು ಎಂದು ಸುಮ್ಮನಾಗುವಷ್ಟು ಚಿಕ್ಕದು. ಕಪ್ಪು ಬಣ್ಣದ ಮಕ್ಕಳಲ್ಲಿ ಈ ಮೊದಲ ಗುರುತು ಇನ್ನೂ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಆಮೇಲೆ ಅದು ಓಡಲು ಶುರುಮಾಡುತ್ತದೆ. ಅತಿ ವೇಗದ ಬೆಳವಣಿಗೆ ಐದೂವರೆ ವಾರದಿಂದ ಏಳೂವರೆ ವಾರದ ನಡುವೆ. ಮೂರು ತಿಂಗಳು ತುಂಬುವ ಹೊತ್ತಿಗೆ ಬಹುಪಾಲು ಗಡ್ಡೆಗಳು ತಾವು ತಲುಪಬಹುದಾದ ಗಾತ್ರದ ಶೇ 80ರಷ್ಟನ್ನು ಮುಟ್ಟಿರುತ್ತವೆ. ಐದಾರು ತಿಂಗಳ ಹೊತ್ತಿಗೆ ಓಟ ನಿಲ್ಲುತ್ತದೆ. ವರ್ಷ ತುಂಬುವ ಆಸುಪಾಸಿನಲ್ಲಿ ನಡುವೆ ಬೂದುಬಣ್ಣ ಕಾಣಿಸಿಕೊಂಡು ಗಡ್ಡೆ ಇಳಿಯತೊಡಗುತ್ತದೆ. ನಾಲ್ಕು ವರ್ಷಕ್ಕೆ ಹೆಚ್ಚಿನವು ಇಳಿಯಬೇಕಾದಷ್ಟು ಇಳಿದಿರುತ್ತವೆ.

ಇದು ಗಡ್ಡೆ ಹೌದು, ಕ್ಯಾನ್ಸರ್ ಅಲ್ಲ. ಬೇರೆ ಅಂಗಕ್ಕೆ ಹಬ್ಬುವ ಗುಣ ಇದಕ್ಕಿಲ್ಲ. ನೂರು ಹಸುಗೂಸುಗಳಲ್ಲಿ ನಾಲ್ಕೈದಕ್ಕೆ ಬರುತ್ತದೆ ಎನ್ನುವುದು ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ಅಧ್ಯಯನಗಳಿಂದ ಬಂದ ಲೆಕ್ಕ. ಹೆಣ್ಣುಮಕ್ಕಳಲ್ಲಿ, ತಿಂಗಳು ತುಂಬದೆ ಹುಟ್ಟಿದವರಲ್ಲಿ, ತೂಕ ಕಡಿಮೆ ಇರುವವರಲ್ಲಿ, ಅವಳಿಗಳಲ್ಲಿ ಜಾಸ್ತಿ. ಬಸುರಿಯಲ್ಲಿ ತಾಯಿ ಗ್ರಹಣ ನೋಡಿದ್ದಕ್ಕೂ, ಬಯಕೆ ತೀರದೆ ಹೋದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾಣಂತಿಯ ಮೇಲೆ ಈ ಹೊರೆ ಹೊರಿಸುವುದನ್ನು ಇನ್ನಾದರೂ ಬಿಡಬೇಕು.

ಒಂದು ಹಳೆಯ ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಕೆಂಪಗಿರುವ ಎಲ್ಲ ಮಚ್ಚೆಯೂ ಹೆಮಾಂಜಿಯೋಮಾ ಅಲ್ಲ. ಬಾಸ್ಟನ್ನಿನ ಜಾನ್ ಮುಲ್ಲಿಕೆನ್ ಮತ್ತು ಜೂಲಿ ಗ್ಲೊವಾಕಿ 1982ರಲ್ಲಿ ಇವನ್ನು ಎರಡು ಗುಂಪು ಮಾಡಿದರು. ಒಂದರಲ್ಲಿ ಜೀವಕೋಶಗಳು ನಿಜಕ್ಕೂ ಹೆಚ್ಚುತ್ತವೆ, ಅಂದರೆ ಅದು ಗಡ್ಡೆ. ಇನ್ನೊಂದರಲ್ಲಿ ರಕ್ತನಾಳಗಳು ಹುಟ್ಟುವಾಗಲೇ ತಪ್ಪಾಗಿ ಕಟ್ಟಿಕೊಂಡಿರುತ್ತವೆ. ಮುಖದ ಅರ್ಧಭಾಗಕ್ಕೆ ದ್ರಾಕ್ಷಿ ರಸ ಚೆಲ್ಲಿದಂತೆ ಚಪ್ಪಟೆಯಾಗಿ ಕಾಣುವ ‘ಪೋರ್ಟ್ ವೈನ್’ ಕಲೆ ಎರಡನೇ ಗುಂಪಿನದು. ಅದು ಹುಟ್ಟಿದ ದಿನವೇ ಇರುತ್ತದೆ, ಮಗು ಬೆಳೆದಷ್ಟೇ ಬೆಳೆಯುತ್ತದೆ, ಎಂದೂ ತಾನಾಗಿ ಹೋಗುವುದಿಲ್ಲ. ಬಿಪಿ ಮಾತ್ರೆಗೂ ಅದು ಜಗ್ಗದು. ಪಕ್ಕದ ಮನೆಯ ಮಗುವಿಗೆ ತಾನಾಗಿ ಹೋದದ್ದು ನಮ್ಮ ಮಗುವಿಗೆ ಯಾಕೆ ಹೋಗಲಿಲ್ಲ ಎನ್ನುವ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಈ ವ್ಯತ್ಯಾಸದಲ್ಲಿದೆ.

ಮಾಸಿನ ಗುರುತು ಚರ್ಮದಲ್ಲಿ

ಗಡ್ಡೆ ಯಾಕೆ ಏಳುತ್ತದೆ, ಎದ್ದದ್ದು ಯಾಕೆ ಇಳಿಯುತ್ತದೆ? 2000ರ ಸುಮಾರಿಗೆ ಪೌಲಾ ನಾರ್ತ್ ಎಂಬ ವಿಜ್ಞಾನಿ ಮತ್ತು ಸಂಗಡಿಗರಿಗೆ ಒಂದು ಮುಖ್ಯ ಸುಳಿವು ಸಿಕ್ಕಿತು. ಈ ಗಡ್ಡೆಯ ರಕ್ತನಾಳಗಳ ಗೋಡೆಯಲ್ಲಿ ಗ್ಲುಟ್-1 ಎಂಬ ಪ್ರೊಟೀನ್ ಇದೆ. ಸಕ್ಕರೆಯನ್ನು ಜೀವಕೋಶದೊಳಗೆ ಸಾಗಿಸುವುದು ಅದರ ಕೆಲಸ. ಚರ್ಮದ ಮಾಮೂಲಿ ರಕ್ತನಾಳಗಳಲ್ಲಿ ಅದು ಇರುವುದಿಲ್ಲ. ಆದರೆ ಹೆರಿಗೆಯಾದ ಮೇಲೆ ಬೀಳುವ ಮಾಸಿನ ರಕ್ತನಾಳಗಳಲ್ಲಿ ಇರುತ್ತದೆ.

ಇದರಿಂದ ಎರಡು ವಾದ ಹುಟ್ಟಿದವು. ಮಾಸಿನ ಕೆಲವು ಜೀವಕೋಶಗಳು ತಪ್ಪಿಸಿಕೊಂಡು ಬಂದು ಮಗುವಿನ ಚರ್ಮದಲ್ಲಿ ಬೇರೂರಿರಬಹುದು ಎನ್ನುವುದು ಒಂದು. ಗರ್ಭದಲ್ಲಿ ಆಮ್ಲಜನಕ ಸಾಕಾಗದೆ ಹೋದಾಗ ‘ರಕ್ತನಾಳ ಬೆಳೆಸು’ ಎಂಬ ಸಂಕೇತ ಹೊರಟು, ಅದು ಕೆಲವು ಜೀವಕೋಶಗಳಲ್ಲಿ ನಿಲ್ಲದೆ ಉಳಿದಿರಬಹುದು ಎನ್ನುವುದು ಇನ್ನೊಂದು. ದಿನ ತುಂಬದ, ತೂಕ ಕಡಿಮೆಯ ಮಕ್ಕಳಲ್ಲಿ ಇದು ಹೆಚ್ಚು ಕಾಣುವುದು ಎರಡನೇ ವಾದಕ್ಕೆ ಬಲ ಕೊಡುತ್ತದೆ. ಎರಡೂ ಒಟ್ಟಿಗೆ ನಿಜವಾಗಿರಲೂ ಅಡ್ಡಿಯಿಲ್ಲ.

ಚಿಕಿತ್ಸೆಯ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು 2008ರಲ್ಲಿ ಗೊತ್ತಾಯಿತು. ಬಾಸ್ಟನ್ನಿನ ಜಾಯ್ಸ್ ಬಿಷಫ್ ಅವರ ತಂಡ ಗಡ್ಡೆಯೊಳಗಿನ ಮೂಲ ಜೀವಕೋಶಗಳನ್ನು ಬೇರ್ಪಡಿಸಿತು. ಇವು ಮೊದಲು ರಕ್ತನಾಳವಾಗಿ ಬೆಳೆಯುತ್ತವೆ, ಆಮೇಲೆ ಕೊಬ್ಬಿನ ಕೋಶಗಳಾಗುತ್ತವೆ. ಗಡ್ಡೆ ‘ಹೋದ’ ಜಾಗದಲ್ಲಿ ಜೋತುಬಿದ್ದ ಕೊಬ್ಬಿನ ತೊಗಲು ಉಳಿಯುವುದು ಇದಕ್ಕೇ. ಎಷ್ಟು ಉಬ್ಬಿತ್ತೋ ಅಷ್ಟು ಉಳಿಕೆ. ಬೆನ್ನಿನ ಮೇಲೆ ಕಡಲೆ ಕಾಳಿನಷ್ಟಾಗಿ ನಿಂತದ್ದು ಬಹುಶಃ ಗುರುತೂ ಸಿಗದಂತೆ ಮಾಯವಾಗುತ್ತದೆ. ಮೂಗಿನ ತುದಿಯಲ್ಲಿ ನಿಂಬೆಹಣ್ಣಿನಷ್ಟಾದದ್ದು ಇಳಿದರೂ ಮೂಗನ್ನು ಮೊದಲಿನಂತೆ ಬಿಟ್ಟುಹೋಗುವುದಿಲ್ಲ. ‘ತಾನಾಗೇ ಹೋಗುತ್ತೆ’ ಎನ್ನುವವರು ಕೆಂಪು ಹೋಗುವುದನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಆಕಸ್ಮಿಕವಾಗಿ ಸಿಕ್ಕ ಮದ್ದು

2008ಕ್ಕೆ ಮೊದಲು ದೊಡ್ಡ ಗಡ್ಡೆಗಳಿಗೆ ಸ್ಟೀರಾಯ್ಡ್ ಕೊಡುತ್ತಿದ್ದರು. ಮುಖ ಊದಿಕೊಳ್ಳುತ್ತಿತ್ತು, ಬೆಳವಣಿಗೆ ಕುಂಠಿತವಾಗುತ್ತಿತ್ತು, ರಕ್ತದೊತ್ತಡ ಏರುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಇಂಟರ್‌ಫೆರಾನ್. ಅದರಿಂದ ಕೆಲವು ಮಕ್ಕಳ ಕಾಲುಗಳಿಗೆ ಸೆಡೆತ ಬಂತು. ಇಂಥ ಮದ್ದಿಗಿಂತ ಕಾಯುವುದೇ ವಾಸಿ ಎಂದು ಆ ಕಾಲದ ವೈದ್ಯರು ಹೇಳಿದ್ದು ವಿವೇಕದ ಮಾತೇ ಆಗಿತ್ತು.

ಆ ವರ್ಷ ಫ್ರಾನ್ಸಿನ ಬೋರ್ಡೋದಲ್ಲಿ ಕ್ರಿಸ್ಟೀನ್ ಲಿಯೊಟೆ-ಲಾಬ್ರೆಝ್ ಮತ್ತು ಸಹೋದ್ಯೋಗಿಗಳು ಒಂದು ಪುಟ್ಟ ವರದಿ ಪ್ರಕಟಿಸಿದರು. ಮೂಗಿನ ಮೇಲೆ ಗಡ್ಡೆಯಿದ್ದ ಮಗುವೊಂದಕ್ಕೆ ಸ್ಟೀರಾಯ್ಡ್ ಕೊಡುತ್ತಿದ್ದಾಗ ಹೃದಯದ ಸ್ನಾಯು ದಪ್ಪವಾಯಿತು. ಹೃದಯಕ್ಕೆಂದು ಪ್ರೊಪ್ರಾನೊಲಾಲ್ ಶುರುಮಾಡಿದರು. ಮೊದಲಿಗೆ ಹೇಳಿದ ಬಿಪಿ ಮಾತ್ರೆ ಇದೇ. ಮಾರನೆಯ ದಿನ ನೋಡಿದರೆ ಕಡುಗೆಂಪಾಗಿದ್ದ ಗಡ್ಡೆ ನೇರಳೆಗೆ ತಿರುಗಿ ಮೆತ್ತಗಾಗಿತ್ತು. ಇನ್ನೊಂದು ಮಗುವಿನಲ್ಲೂ ಹಾಗೇ ಆಯಿತು. ಆಮೇಲೆ ಒಂಬತ್ತು ಮಕ್ಕಳಿಗೆ ಗಡ್ಡೆಗೆಂದೇ ಕೊಟ್ಟು ನೋಡಿದರು. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ರೂಪಿಸಿದ, 1988ರಲ್ಲಿ ಅವರಿಗೆ ನೊಬೆಲ್ ಸಿಗಲು ಕಾರಣವಾದ ಸಾಧನೆಗಳಲ್ಲೊಂದಾದ ಔಷಧಿಗೆ ಹೀಗೆ ಎರಡನೇ ಬದುಕು ಬಂತು.

2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಆರು ತಿಂಗಳು ಪ್ರೊಪ್ರಾನೊಲಾಲ್ ಪಡೆದ ಮಕ್ಕಳಲ್ಲಿ ಶೇ 60ರಷ್ಟು ಮಂದಿಗೆ ಗಡ್ಡೆ ಪೂರ್ತಿ ಅಥವಾ ಹೆಚ್ಚೂಕಡಿಮೆ ಪೂರ್ತಿ ಹೋಗಿತ್ತು. ಹುಸಿ ಔಷಧಿ ಪಡೆದವರಲ್ಲಿ ಆ ಪ್ರಮಾಣ ಶೇ 4. ಕಾಯುವುದಕ್ಕೂ ಮದ್ದು ಕೊಡುವುದಕ್ಕೂ ಇರುವ ಅಂತರ ಇದಕ್ಕಿಂತ ಸ್ಪಷ್ಟವಾಗಿ ಕಾಣುವ ಕಾಯಿಲೆಗಳು ಕಡಿಮೆ.

ಹಾಗಾದರೆ ಸ್ಟ್ಯಾಟಿನ್ ಎಲ್ಲಿಂದ ಬಂತು?

ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೂ ಹೇಗೆ ಮಾಡುತ್ತದೆ ಎನ್ನುವುದು ಬಗೆಹರಿದಿರಲಿಲ್ಲ. ಹೃದಯದಲ್ಲಿ ‘ಜೋರಾಗಿ ಬಡಿ’ ಎಂಬ ಸಂಕೇತ ಹಿಡಿಯುವ ಬೀಟಾ ಗ್ರಾಹಕಗಳಿಗೆ ಪ್ರೊಪ್ರಾನೊಲಾಲ್ ಅಡ್ಡ ಕೂತು ಬಡಿತ ತಗ್ಗಿಸುತ್ತದೆ. ಗಡ್ಡೆಯಲ್ಲೂ ಹಾಗೇ ರಕ್ತನಾಳಗಳನ್ನು ಕುಗ್ಗಿಸುತ್ತದೆ ಎಂದು ಬಹುಕಾಲ ನಂಬಿದ್ದರು, ಈಗಲೂ ಅನೇಕರು ನಂಬುತ್ತಾರೆ.

ಆದರೆ ಪ್ರೊಪ್ರಾನೊಲಾಲ್ ಅಣುವಿಗೆ ಎರಡು ರೂಪ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದ ಹಾಗೆ: ಒಂದೇ ತೊಗಲು, ಒಂದೇ ಅಳತೆ, ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲಿ ಎರಡೂ ಅರ್ಧರ್ಧ ಇರುತ್ತವೆ. ಹೃದಯದ ಮೇಲೆ ಕೆಲಸ ಮಾಡುವುದು ಒಂದೇ ರೂಪ. ಇನ್ನೊಂದು ರೂಪ ಅಲ್ಲಿ ಬಹುಮಟ್ಟಿಗೆ ನಿಷ್ಕ್ರಿಯ. ಅಚ್ಚರಿಯೆಂದರೆ 2019ರಿಂದ ಈಚೆಗೆ ಬಂದ ಅಧ್ಯಯನಗಳಲ್ಲಿ, ಆ ‘ಕೆಲಸಕ್ಕೆ ಬಾರದ’ ರೂಪವೇ ಗಡ್ಡೆಯ ಜೀವಕೋಶಗಳು ರಕ್ತನಾಳ ಕಟ್ಟುವುದನ್ನು ನಿಲ್ಲಿಸಿತು. ಅದು ಹಿಡಿಯುವುದು ಸಾಕ್ಸ್-18 ಎಂಬ ಪ್ರೊಟೀನನ್ನು. ರಕ್ತನಾಳ ಬೆಳೆಸುವ ಜೀನ್‌ಗಳ ಸ್ವಿಚ್ ಇದ್ದಂತೆ ಅದು.

2025ರ ಅಧ್ಯಯನ ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಯಿತು. ಸಾಕ್ಸ್-18 ಗಡ್ಡೆಯ ಜೀವಕೋಶಗಳಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ರಾಸಾಯನಿಕ ಸರಪಳಿಯನ್ನೂ ಚುರುಕುಗೊಳಿಸುತ್ತದೆ ಎಂದು ಅದು ತೋರಿಸಿತು. ಸ್ಟ್ಯಾಟಿನ್ ತುಂಡರಿಸುವುದು ಇದೇ ಸರಪಳಿಯನ್ನು. ಮಕ್ಕಳ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ಇಲಿಗಳಲ್ಲಿ ನೆಟ್ಟು ಸ್ಟ್ಯಾಟಿನ್ ಕೊಟ್ಟಾಗ ರಕ್ತನಾಳಗಳು ಕಡಿಮೆ ಬೆಳೆದವು.

ಸುದ್ದಿಯ ತಿರುಳು ಇಷ್ಟು, ಮಿತಿಯೂ ಇಷ್ಟೇ. ಇಲಿಯ ಪ್ರಯೋಗ ಹಸುಗೂಸಿಗೆ ಕೊಟ್ಟ ಅನುಮತಿಯಲ್ಲ. ಎಳೆ ಮಗುವಿನ ಮಿದುಳು ಬೆಳೆಯಲು ಕೊಲೆಸ್ಟ್ರಾಲ್ ಬೇಕೇ ಬೇಕು. ಅದನ್ನು ತಗ್ಗಿಸುವ ಔಷಧಿಯನ್ನು ತಿಂಗಳ ಮಗುವಿಗೆ ಕೊಡುವ ಮೊದಲು ದಾಟಬೇಕಾದ ಪರೀಕ್ಷೆಗಳು ಸಾಲುಗಟ್ಟಿವೆ. ಸುದ್ದಿ ಓದಿ ತಾತನ ಡಬ್ಬಿಗೆ ಕೈಹಾಕುವುದು ಶುದ್ಧ ಅಪಾಯ. ಸಂಶೋಧಕರ ಉತ್ಸಾಹಕ್ಕೆ ಕಾರಣ ಬೇರೆಯೇ ಇದೆ. ಪ್ರೊಪ್ರಾನೊಲಾಲ್‌ನ ಮುಖ್ಯ ಅಡ್ಡಪರಿಣಾಮಗಳೆಲ್ಲ ಹೃದಯದ ಮೇಲೆ ಕೆಲಸ ಮಾಡುವ ಅರ್ಧದಿಂದ ಬರುವಂಥವು. ಆ ಅರ್ಧವನ್ನು ಕಳಚಿ ಗಡ್ಡೆಯನ್ನಷ್ಟೇ ಮುಟ್ಟುವ ಮದ್ದು ಮಾಡಬಹುದೇ ಎನ್ನುವುದು ಅವರ ಹುಡುಕಾಟ. ಹಳೆಯ ವಿವರಣೆಯೂ ಬಿದ್ದುಹೋಗಿಲ್ಲ. ಒಂದೇ ದಿನದಲ್ಲಿ ಬಣ್ಣ ಬದಲಾಗುವುದಕ್ಕೆ ರಕ್ತನಾಳ ಕುಗ್ಗುವುದೇ ಕಾರಣ ಎನ್ನುವ ವಾದ ಗಟ್ಟಿಯಾಗಿಯೇ ನಿಂತಿದೆ.

ಯಾರು ಕಾಯಬಹುದು, ಯಾರು ಕಾಯಬಾರದು

ವೈದ್ಯರಲ್ಲೂ ಎರಡು ಮನಸ್ಸು ಇದೆ. ಸ್ಟೀರಾಯ್ಡ್ ಕಾಲ ಕಂಡವರಿಗೆ ಹಸುಗೂಸಿಗೆ ತಿಂಗಳುಗಟ್ಟಲೆ ಔಷಧಿ ಕೊಡಲು ಮನಸ್ಸು ಬಾರದು. ಹೆಚ್ಚಿನ ಗಡ್ಡೆಗಳು ಚಿಕ್ಕವು, ಬಟ್ಟೆಯಡಿ ಇರುವಂಥವು, ಅವಕ್ಕೆ ಏನೂ ಬೇಕಿಲ್ಲ. ಈ ಮಾತಿನಲ್ಲಿ ಅವರು ಸರಿ. ಎದುರು ವಾದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿದೆ: ಅಪಾಯದ ಜಾಗದಲ್ಲಿರುವ ಗಡ್ಡೆಯನ್ನು ಮಗುವಿಗೆ ಒಂದು ತಿಂಗಳಾಗುವ ಹೊತ್ತಿಗೇ ತಜ್ಞರು ನೋಡಿರಬೇಕು. ಬೆಳೆದು ನಿಂತ ಮೇಲೆ ಕೊಟ್ಟ ಮದ್ದು ಇಳಿತವನ್ನು ಚುರುಕು ಮಾಡಬಹುದು, ಆದರೆ ಹಿಗ್ಗಿದ ಚರ್ಮವನ್ನು ಹಿಂದಕ್ಕೆ ತರಲಾರದು.

ಇಲ್ಲಿ ಜಗಳ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿದೆ ಎನ್ನದೆ ವಿಧಿಯಿಲ್ಲ. ಒಂದು ಗುಂಪು ಬೆನ್ನಿನ ಗಡ್ಡೆಯ ಬಗ್ಗೆ ಮಾತಾಡುತ್ತಿದೆ, ಇನ್ನೊಂದು ರೆಪ್ಪೆಯ ಮೇಲಿನದರ ಬಗ್ಗೆ. ರೆಪ್ಪೆಯ ಗಡ್ಡೆ ಕಣ್ಣನ್ನು ಮುಚ್ಚಿದರೆ, ಇಲ್ಲವೇ ಅದುಮಿದರೆ, ಆ ಕಣ್ಣು ನೋಡಲು ಕಲಿಯುವುದೇ ಇಲ್ಲ. ಗಡ್ಡೆ ಹೋದ ಮೇಲೂ ಮಂಜು ಉಳಿಯುತ್ತದೆ. ತುಟಿಯಲ್ಲಿ, ಕತ್ತಿನ ಮಡಿಕೆಯಲ್ಲಿ, ಲಂಗೋಟಿ ತಾಗುವ ಜಾಗದಲ್ಲಿ ಇರುವುದು ಒಡೆದು ಹುಣ್ಣಾಗುತ್ತದೆ, ಮಗು ಹಾಲು ಕುಡಿಯದೆ ಅಳುತ್ತದೆ. ಗದ್ದ, ದವಡೆಯ ಉದ್ದಕ್ಕೂ ಗಡ್ಡದ ಆಕಾರದಲ್ಲಿ ಹಬ್ಬಿದ್ದರೆ ಗಂಟಲೊಳಗೂ ಇರುವ ಸಾಧ್ಯತೆಯಿದ್ದು, ಉಸಿರಿನಲ್ಲಿ ಕೀರಲು ಸದ್ದು ಬಂದರೆ ಒಂದು ದಿನವೂ ತಡ ಸಲ್ಲದು. ಮುಖದ ಒಂದು ಭಾಗವನ್ನೇ ಆವರಿಸಿದ ದೊಡ್ಡ ಗಡ್ಡೆಯ ಹಿಂದೆ ಮಿದುಳಿನ ರಕ್ತನಾಳದ, ಹೃದಯದ ತೊಂದರೆ ಅಡಗಿರಬಹುದು. ಅಲ್ಲಿ ಪ್ರೊಪ್ರಾನೊಲಾಲ್ ಶುರುಮಾಡುವ ಮೊದಲೇ ಸ್ಕ್ಯಾನ್ ಆಗಬೇಕು. ಮೈಮೇಲೆ ಐದೋ ಅದಕ್ಕಿಂತ ಹೆಚ್ಚೋ ಇದ್ದರೆ ಯಕೃತ್ತಿನಲ್ಲೂ ಇದೆಯೇ ಎಂದು ಅಲ್ಟ್ರಾಸೌಂಡ್ ಮಾಡಿಸುತ್ತಾರೆ.

42ನೇ ದಿನ ಮತ್ತು ಮೂರನೇ ತಿಂಗಳ ನಡುವೆ

ನಮ್ಮ ಜಿಲ್ಲೆಗಳಲ್ಲಿ ಮದ್ದಿಗೆ ಬರವಿಲ್ಲ, ಪ್ರೊಪ್ರಾನೊಲಾಲ್ ದುಬಾರಿಯೂ ಅಲ್ಲ. ಕೈತಪ್ಪುವುದು ಹೊತ್ತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ ಮನೆಗೆ ಬರಬೇಕಾದ ದಿನಗಳು 3, 7, 14, 21, 28 ಮತ್ತು 42. ಅಲ್ಲಿಂದ ಮುಂದಿನ ಮನೆಭೇಟಿ ಮೂರನೇ ತಿಂಗಳಿಗೆ. ಗಡ್ಡೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅತಿ ವೇಗದ ಬೆಳವಣಿಗೆ ಸುಮಾರು 38ರಿಂದ 52ನೇ ದಿನದವರೆಗೆ. 28ನೇ ದಿನ ಸೊಳ್ಳೆ ಕಚ್ಚಿದಂತಿದ್ದದ್ದು 42ಕ್ಕೆ ಉಬ್ಬಿರುತ್ತದೆ, ಮೂರನೇ ತಿಂಗಳ ಭೇಟಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆದು ನಿಂತಿರುತ್ತದೆ.

ಇದರ ಮೇಲೆ ಬಾಣಂತನದ ಓಡಾಟ. ತಾಯಿ ಕಾರ್ಡ್ ಆದದ್ದು ಮುಳಬಾಗಿಲಿನ ಗಂಡನ ಮನೆಯಲ್ಲಿ, ತವರು ಗಡಿಯಾಚೆ ಮದನಪಲ್ಲಿಯಲ್ಲೋ ಕುಪ್ಪಂನಲ್ಲೋ ಇದ್ದರೆ 28ನೇ ದಿನ ಮಗುವನ್ನು ಕಂಡವರೇ 42ನೇ ದಿನವೂ ಕಾಣುವುದು ಅಪರೂಪ. ಹೋಲಿಸಿ ನೋಡುವ ಕಣ್ಣು ಒಂದೇ ಆಗಿರದಿದ್ದರೆ ‘ಬೆಳೆಯುತ್ತಿದೆ’ ಎಂದು ಹೇಳುವವರು ಯಾರು? ಶೀತವಾದೀತೆಂದು ಮಗುವನ್ನು ಬೆಚ್ಚಗೆ ಸುತ್ತಿಟ್ಟ ಮನೆಯಲ್ಲಿ ಮೈ ಪೂರ್ತಿ ಬೆಳಕಿಗೆ ಬೀಳುವುದು ನೀರು ಹಾಕುವಾಗ ಮಾತ್ರ. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ ಗುರುತಿಸಿರುವ ಹುಟ್ಟುದೋಷಗಳಲ್ಲಿ ಸೀಳುತುಟಿ, ವಕ್ರಪಾದ, ಹೃದಯದ ತೊಂದರೆ ಇವೆ, ಹೆಮಾಂಜಿಯೋಮಾ ಇಲ್ಲ. ಹುಟ್ಟುವಾಗ ಕಾಣದೆ ಆಮೇಲೆ ಏಳುವ ಗಡ್ಡೆಗೆ ಆ ಪಟ್ಟಿ ಹೊಂದುವುದೂ ಇಲ್ಲ ಎನ್ನಿ.

ಆದರೂ ಒಂದು ಬಾಗಿಲು ತೆರೆದೇ ಇದೆ. 6, 10 ಮತ್ತು 14ನೇ ವಾರದ ಚುಚ್ಚುಮದ್ದನ್ನು ಹೆಚ್ಚಿನವರು ತಪ್ಪಿಸುವುದಿಲ್ಲ. ಒಂದೂವರೆ ತಿಂಗಳ ಚುಚ್ಚುಮದ್ದು ಬೀಳುವುದು ಗಡ್ಡೆ ಓಡುವ ವಾರದಲ್ಲೇ. ಅಲ್ಲಿ ನರ್ಸಮ್ಮ ತೊಡೆಯನ್ನಷ್ಟೇ ಬಿಚ್ಚಿಸದೆ ಮೈಯೆಲ್ಲ ಒಮ್ಮೆ ನೋಡಿದರೆ ಎರಡು ನಿಮಿಷದ ಕೆಲಸ. ಹೊಸ ಯೋಜನೆ, ಹೊಸ ಯಂತ್ರ ಏನೂ ಬೇಡ. ಮನೆಯವರ ಕೈಯಲ್ಲಿ ಫೋನಿದೆ: ವಾರಕ್ಕೊಂದು ಸಲ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದರೆ ವೈದ್ಯರಿಗೆ ಅದೇ ದೊಡ್ಡ ದಾಖಲೆ. ಐದೂವರೆಯಿಂದ ಏಳೂವರೆ ವಾರದ ಲೆಕ್ಕ ವಿಜ್ಞಾನಿಗಳಿಗೆ ಸಿಕ್ಕಿದ್ದೂ ತಂದೆತಾಯಂದಿರು ಮನೆಯಲ್ಲಿ ತೆಗೆದಿದ್ದ ಫೋಟೋಗಳಿಂದಲೇ.

ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯೂ ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಮುಖದ ದೊಡ್ಡ ಗಡ್ಡೆ, ಉಸಿರಿನ ತೊಂದರೆ ಇರುವ ಮಕ್ಕಳಿಗೆ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಹೋಗಬೇಕಾದೀತು. ಸುಣ್ಣ ಹಚ್ಚುವುದು, ಬರೆ ಹಾಕಿಸುವುದು ಬೇಡ. ಒಡೆದರೆ ರಕ್ತ, ಆಮೇಲೆ ಕೀವು, ಕೊನೆಗೆ ಅಳಿಸದ ಕಲೆ.

ಮಾತ್ರೆ ಮನೆಗೆ ಬಂದ ಮೇಲೆ

ಪ್ರೊಪ್ರಾನೊಲಾಲ್ ಸುರಕ್ಷಿತ ಎನ್ನುವುದು ಷರತ್ತಿನ ಮಾತು. ಅದರ ದೊಡ್ಡ ಅಪಾಯ ರಕ್ತದ ಸಕ್ಕರೆ ದಿಢೀರನೆ ಇಳಿಯುವುದು. ಬೆವರು, ತೂಕಡಿಕೆ, ಹಾಲು ಬೇಡವೆನ್ನುವುದು, ಮುಂದುವರಿದರೆ ಫಿಟ್ಸ್. ಆದ್ದರಿಂದ ಹಾಲು ಕುಡಿಯುವ ಹೊತ್ತಿಗೇ ಕೊಡಬೇಕು, ರಾತ್ರಿ ಬಹಳ ಹೊತ್ತು ಹಸಿದಿರಲು ಬಿಡಬಾರದು. ವಾಂತಿ, ಭೇದಿಯಾಗಿ ಮಗು ಕುಡಿಯದಿದ್ದರೆ, ಎದೆಯಲ್ಲಿ ಗೊರಗೊರ, ಉಬ್ಬಸ ಶುರುವಾದರೆ ಆ ದಿನದ ಔಷಧಿ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ಕೈಕಾಲು ತಣ್ಣಗಾಗುವುದು, ನಿದ್ದೆ ಕೆಡುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಮೊದಲ ಡೋಸಿನ ನಂತರ ಎರಡು ಗಂಟೆ ಕೂರಿಸಿಕೊಂಡು ನಾಡಿ, ಬಿಪಿ ನೋಡುವ ಪದ್ಧತಿಯಿದೆ. ಎಳೆಯ, ತಿಂಗಳು ತುಂಬದ ಮಕ್ಕಳನ್ನು ದಾಖಲಿಸಿಕೊಂಡೇ ಶುರುಮಾಡುತ್ತಾರೆ.

ಲೆಕ್ಕದ ಕಡೆಗೂ ಗಮನವಿರಲಿ. ತೂಕದ ಪ್ರತಿ ಕಿಲೋಗೆ ದಿನಕ್ಕೆ 2ರಿಂದ 3 ಮಿಲಿಗ್ರಾಂ ಎನ್ನುವುದು ಗುರಿ. ಶುರು ಅದಕ್ಕಿಂತ ಕಡಿಮೆಯಲ್ಲಿ. ಐದು ಕಿಲೋ ಮಗುವಿಗೆ 2ರ ಲೆಕ್ಕದಲ್ಲಿ ದಿನಕ್ಕೆ 10 ಮಿಲಿಗ್ರಾಂ, ಅಂದರೆ ಹೊತ್ತಿಗೆ 5ರಂತೆ ಎರಡು ಹೊತ್ತು. ಮೆಡಿಕಲ್ ಸ್ಟೋರಿನಲ್ಲಿ ಇದೇ ಮಾತ್ರೆ 10ರದ್ದೂ ಇದೆ, 40ರದ್ದೂ ಇದೆ. 10ರ ಅರ್ಧ ಕೊಡಿ ಎಂದು ಬರೆದದ್ದಕ್ಕೆ 40ರ ಸ್ಟ್ರಿಪ್ ಕೈಗೆ ಬಂದರೆ ಮಗುವಿನ ಹೊಟ್ಟೆಗೆ ನಾಲ್ಕು ಪಟ್ಟು ಹೋಗುತ್ತದೆ. ಸ್ಟ್ರಿಪ್ಪಿನ ಮೇಲಿನ ಅಂಕಿ ಓದದೆ ಅಂಗಡಿಯಿಂದ ಕದಲಬಾರದು. ಮಗುವಿನ ತೂಕ ಏರಿದಂತೆ ಡೋಸೂ ಬದಲಾಗುವುದರಿಂದ ಹಳೆಯ ಚೀಟಿಯನ್ನೇ ತಿಂಗಳುಗಟ್ಟಲೆ ಓಡಿಸುವಂತಿಲ್ಲ.

ತೆಳುವಾಗಿ, ಚರ್ಮದ ಮೇಲಷ್ಟೇ ಇರುವ ಚಿಕ್ಕ ಗಡ್ಡೆಗೆ ಟಿಮೊಲಾಲ್ ಹನಿ ಹಚ್ಚಲು ಹೇಳುತ್ತಾರೆ. ಅದು ಕಣ್ಣಿನ ಗ್ಲಾಕೋಮಾದ ಔಷಧಿ, ಇದೂ ಪ್ರೊಪ್ರಾನೊಲಾಲ್‌ನ ಬಳಗದ್ದೇ. ಹುಣ್ಣಾದ ಜಾಗಕ್ಕೆ ಸುರಿದರೆ ರಕ್ತಕ್ಕೆ ಸೇರುತ್ತದೆ, ಹೇಳಿದ ಹನಿಗಿಂತ ಹೆಚ್ಚು ಸಲ್ಲದು. ಬಾಯಿಯ ಮಾತ್ರೆಯನ್ನು ಕನಿಷ್ಠ ಆರು ತಿಂಗಳು, ಬಹಳ ಸಲ ಮಗುವಿಗೆ ವರ್ಷ ತುಂಬುವವರೆಗೂ ಮುಂದುವರಿಸುತ್ತಾರೆ. ಕೆಂಪು ಮಾಸಿತೆಂದು ಮನೆಯವರೇ ಐದನೇ ತಿಂಗಳಲ್ಲಿ ನಿಲ್ಲಿಸಿದರೆ ಅದು ಮತ್ತೆ ಏಳಬಹುದು.

ಈ ಹೊತ್ತನ್ನೆಲ್ಲ ದಾಟಿ ಬಂದ ಮೂರು ವರ್ಷದ ಮಗುವಿಗೆ ಮಾತ್ರೆಯಿಂದ ಹೆಚ್ಚಿನ ಲಾಭವಿಲ್ಲ. ಉಳಿದ ಕೆಂಪು ಎಳೆಗಳಿಗೆ ಲೇಸರ್, ಜೋತುಬಿದ್ದ ತೊಗಲಿಗೆ ಶಸ್ತ್ರಚಿಕಿತ್ಸೆ ಇದೆ. ಲೇಸರಿನಿಂದ ನಮ್ಮ ಬಣ್ಣದ ಚರ್ಮದಲ್ಲಿ ಕಪ್ಪು ಅಥವಾ ಬಿಳಿ ಕಲೆ ಉಳಿಯುವ ಸಾಧ್ಯತೆ ಇರುವುದರಿಂದ ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷದೊಳಗೆ, ಮಗು ಒಂದನೇ ತರಗತಿಗೆ ಸೇರುವ ಮೊದಲು ಮುಗಿಸುತ್ತಾರೆ.